ಕೊಟ್ಟಿಗೆಯ ಪಾಠ, ಕಣದ ಕಟ್ಟಳೆ: ಅಮೇರಿಕದ ಮಕ್ಕಳ ಜಾನುವಾರು ಪ್ರದರ್ಶನ

ದನಗಳ ಜಾತ್ರೆಯೆಂದರೆ ಏನೆಂಬುದನ್ನು ನಮ್ಮ ವಾಚಕರಿಗೆ ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ಘಾಟಿ ಸುಬ್ರಹ್ಮಣ್ಯದ ಜಾತ್ರೆಯನ್ನಾಗಲಿ, ತಮ್ಮ ತಮ್ಮ ಸೀಮೆಯ ಪರಿಷೆಯನ್ನಾಗಲಿ ಬಾಲ್ಯದಲ್ಲಿ ಕಂಡವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಎತ್ತಿನ ಬಾಯಿ ಬಿಡಿಸಿ ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ಎಂದು ನೋಡುವುದು, ಮೈಮೇಲಿನ ಸುಳಿಗಳನ್ನು ಪರೀಕ್ಷಿಸುವುದು, ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದು, ಇವೆಲ್ಲ ನಮಗೆ ಪರಿಚಿತವಾದ ನೋಟಗಳೇ. ಅಂತಹ ಜಾತ್ರೆಗಳಲ್ಲಿ ಮಕ್ಕಳೂ ಇರುತ್ತಾರೆ. ಹಗ್ಗ ಹಿಡಿದು ನಿಲ್ಲುವುದು, ನೀರು ಹೊತ್ತು ತರುವುದು, ಹುಲ್ಲು ಹಾಕುವುದು ಅವರ ಪಾಲಿನ ಕೆಲಸ. ಆದರೆ ಮಾತುಕತೆ ಹಿರಿಯರದು. ಲಾಭ ನಷ್ಟಗಳ ಲೆಕ್ಕವೂ ಹಿರಿಯರದೇ.

ಅಮೇರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಇದಕ್ಕೆ ವ್ಯತಿರಿಕ್ತವಾದ ಒಂದು ಪದ್ಧತಿ ಬೆಳೆದು ಬಂದಿದೆ. ಅಲ್ಲಿ ಬಹುತೇಕ ರಾಜ್ಯಗಳು ಕೌಂಟಿಗಳೆಂಬ ಆಡಳಿತ ವಿಭಾಗಗಳಾಗಿ ಹಂಚಿಹೋಗಿವೆ; ನಮ್ಮ ಜಿಲ್ಲೆಗಳಿದ್ದಂತೆ ಎಂದುಕೊಂಡರೆ ಸಾಕು. ಬೇಸಿಗೆಯ ತಿಂಗಳುಗಳಲ್ಲಿ ಬಹುತೇಕ ಕೌಂಟಿಗಳಲ್ಲಿ ಒಂದೊಂದು ಜಾತ್ರೆ ನೆರೆಯುತ್ತದೆ. ತಿರುಗುತೊಟ್ಟಿಲು, ತಿಂಡಿಯ ಅಂಗಡಿ, ಸಂಗೀತ ಮೊದಲಾದುವುಗಳ ನಡುವೆ ಆ ಜಾತ್ರೆಯ ಜೀವಾಳವೆನ್ನಬಹುದಾದುದು ಮಕ್ಕಳ ಜಾನುವಾರು ಪ್ರದರ್ಶನ. ಒಂಬತ್ತು ಹತ್ತು ವರ್ಷದ ಬಾಲಕ ಬಾಲಕಿಯರು ತಾವೇ ಸಾಕಿದ ಕರು, ಕುರಿ, ಆಡು, ಹಂದಿ, ಕೋಳಿಗಳನ್ನು ಹಿಡಿದು ಕಣಕ್ಕಿಳಿಯುತ್ತಾರೆ. ತಂದೆ ತಾಯಿಗಳು ಬೇಲಿಯ ಹೊರಗೆ ನಿಂತು ನೋಡುತ್ತಾರೆ.

ಈ ಪ್ರದರ್ಶನಕ್ಕೆ ಇರುವ ನಿಯಮಗಳು ಒಂದೆರಡಲ್ಲ. ವಯಸ್ಸು, ಒಡೆತನ, ತೂಕ, ಔಷಧ, ಉಡುಪು, ನಡೆ, ಮಾರಾಟ, ಹೀಗೆ ಒಂದೊಂದಕ್ಕೂ ಕಟ್ಟಳೆಗಳುಂಟು. ಮಕ್ಕಳ ಹವ್ಯಾಸಕ್ಕೆ ಇಷ್ಟೊಂದು ಕಾನೂನು ಏತಕ್ಕೆಂಬ ಪ್ರಶ್ನೆ ಯಾರ ಮನಸ್ಸಿನಲ್ಲಾದರೂ ಏಳಬಹುದು. ಆದರೆ ಅವುಗಳನ್ನು ಒಟ್ಟಾಗಿ ಇರಿಸಿ ನೋಡಿದರೆ ಬಹುಪಾಲು ನಿಯಮಗಳು ಒಂದೇ ಪ್ರಶ್ನೆಯ ಸುತ್ತ ಹೆಣೆದುಕೊಂಡಿರುವುದು ಕಂಡುಬರುತ್ತದೆ. ಈ ಪ್ರಾಣಿಗಾಗಿ ದುಡಿದ ಕೈ ಯಾರದು? ಮಗುವಿನದೇ ಎಂಬುದು ಖಚಿತವಾದರೆ ಪ್ರದರ್ಶನ ಪಾಠಶಾಲೆಯಾಗುತ್ತದೆ. ಇಲ್ಲವಾದರೆ ಅದು ಸಿರಿವಂತರ ಪಂದ್ಯವಾಗುತ್ತದೆ. ಈ ದೃಷ್ಟಿಯಿಂದ ಆ ಕಟ್ಟಳೆಗಳನ್ನು ಪರಿಶೀಲಿಸುವುದು ಉಚಿತವೆಂದು ನಮಗೆ ತೋರುತ್ತದೆ.

ಎರಡು ಕುರಿಗಳಿಂದ ಆರಂಭ

ಅಮೇರಿಕದ ಕೃಷಿ ಪ್ರದರ್ಶನಗಳ ಮೂಲಪುರುಷನೆಂದು ಎಲ್ಕಾನಾ ವಾಟ್ಸನ್ ಎಂಬಾತನನ್ನು ಹೆಸರಿಸುವ ವಾಡಿಕೆಯುಂಟು. 1807ರಲ್ಲಿ ಆತನು ಮೆಸಾಚುಸೆಟ್ಸ್ ರಾಜ್ಯದ ಪಿಟ್ಸ್‌ಫೀಲ್ಡ್ ಪಟ್ಟಣದ ಚೌಕದಲ್ಲಿ ಒಂದು ಮರದಡಿ ಎರಡು ಮೆರಿನೊ ಜಾತಿಯ ಕುರಿಗಳನ್ನು ಜನರಿಗೆ ತೋರಿಸಿದನು. ನುಣುಪಾದ ಉಣ್ಣೆಯ ಆ ಕುರಿಗಳನ್ನು ನೋಡಲು ರೈತರು ಗುಂಪುಗೂಡಿದರು. ಎರಡು ಕುರಿಗಳಿಗೆ ಇಷ್ಟು ಜನ ನೆರೆಯುವುದಾದರೆ ಊರಿನ ಉತ್ತಮ ಪ್ರಾಣಿಗಳೆಲ್ಲ ಒಂದೆಡೆ ಸೇರಿದರೆ ಹೇಗಿದ್ದೀತು ಎಂಬ ಯೋಚನೆಯಿಂದ 1811ರಲ್ಲಿ ಬರ್ಕ್‌ಷೈರ್ ಕೃಷಿ ಸಂಘ ಹುಟ್ಟಿಕೊಂಡಿತು. ಬಹುಮಾನಗಳ ಆಸೆಯಿಂದ ರೈತರಲ್ಲಿ ಸ್ಪರ್ಧೆಯೂ, ಸ್ಪರ್ಧೆಯಿಂದ ತಳಿಗಳ ಸುಧಾರಣೆಯೂ ಆಗಬೇಕೆಂಬುದು ಸಂಘದ ಉದ್ದೇಶವಾಗಿತ್ತು.

ಮಕ್ಕಳು ಈ ಕಣವನ್ನು ಪ್ರವೇಶಿಸಿದ್ದು ಸುಮಾರು ನೂರು ವರ್ಷಗಳ ಬಳಿಕ. 1902ರ ಜನವರಿಯಲ್ಲಿ ಒಹಾಯೋ ರಾಜ್ಯದ ಕ್ಲಾರ್ಕ್ ಕೌಂಟಿಯಲ್ಲಿ ಶಾಲೆಗಳ ಮೇಲ್ವಿಚಾರಕನಾಗಿದ್ದ ಎ. ಬಿ. ಗ್ರಹಾಂ ಎಂಬಾತನು ನ್ಯಾಯಾಲಯ ಕಟ್ಟಡದ ನೆಲಮಾಳಿಗೆಯಲ್ಲಿ ಹಳ್ಳಿಯ ಹುಡುಗ ಹುಡುಗಿಯರ ಸಭೆಯೊಂದನ್ನು ಕರೆದನು. ಮುಸುಕಿನ ಜೋಳ, ತರಕಾರಿ, ಹೂಗಳನ್ನು ಬೆಳೆಯುವುದು, ಮಣ್ಣನ್ನು ಪರೀಕ್ಷಿಸುವುದು, ಇವೇ ಅವರ ಮೊದಲ ಪಾಠಗಳಾಗಿದ್ದುವು. ಹೊಸ ವಿಧಾನಗಳನ್ನು ಹೇಳಿದರೆ ವಯಸ್ಸಾದ ರೈತರು ನಂಬದಿದ್ದ ಕಾಲ ಅದು. ಮಕ್ಕಳ ಕೈಯಲ್ಲಿ ಅದೇ ವಿಧಾನವನ್ನು ಮಾಡಿಸಿ ತೋರಿಸಿದಾಗ ತಂದೆಯಂದಿರೂ ಒಪ್ಪಿದರು. 1914ರಲ್ಲಿ ಸ್ಮಿತ್-ಲೀವರ್ ಕಾಯಿದೆ ಜಾರಿಗೆ ಬಂದು ಕೃಷಿ ವಿಸ್ತರಣಾ ಕಾರ್ಯಕ್ಕೆ ಸರಕಾರದ ಆಶ್ರಯ ದೊರೆಯಿತು. ಆ ಆಶ್ರಯದಲ್ಲಿ ಬೆಳೆದ ಮಕ್ಕಳ ಸಂಘವೇ ಇಂದಿನ 'ಫೋರ್-ಎಚ್'. ತಲೆ, ಹೃದಯ, ಕೈ, ಆರೋಗ್ಯ, ಈ ನಾಲ್ಕು ಪದಗಳು ಇಂಗ್ಲಿಷಿನಲ್ಲಿ 'ಎಚ್' ಅಕ್ಷರದಿಂದಲೇ ಆರಂಭವಾಗುವುದರಿಂದ ಆ ಹೆಸರು ಬಂದಿತು. ನಾಲ್ಕೆಲೆಯ ಹಸಿರು ಕ್ಲೋವರ್ ಅದರ ಲಾಂಛನ.

1928ರಲ್ಲಿ ಕಾನ್ಸಾಸ್ ನಗರದಲ್ಲಿ ಪ್ರೌಢಶಾಲೆಯ ಕೃಷಿ ವಿದ್ಯಾರ್ಥಿಗಳಿಗಾಗಿ 'ಫ್ಯೂಚರ್ ಫಾರ್ಮರ್ಸ್ ಆಫ್ ಅಮೇರಿಕ' ಎಂಬ ಇನ್ನೊಂದು ಸಂಘ ಸ್ಥಾಪನೆಯಾಯಿತು. ಕರಿಯ ಜನಾಂಗದ ಹುಡುಗರಿಗೆ ಪ್ರತ್ಯೇಕವಾಗಿದ್ದ ಸಂಘವು 1965ರಲ್ಲಿ ಇದರೊಡನೆ ವಿಲೀನಗೊಂಡಿತು. ಹುಡುಗಿಯರಿಗೆ ರಾಷ್ಟ್ರೀಯ ಮಟ್ಟದಲ್ಲಿ ಸದಸ್ಯತ್ವ ದೊರೆಯಲು 1969ರ ವರೆಗೆ ಕಾಯಬೇಕಾಯಿತು. ಯಾರು ಕಣಕ್ಕಿಳಿಯಬಹುದು ಎಂಬ ಮೊದಲನೆಯ ನಿಯಮವೇ ಹೀಗೆ ನಿಧಾನವಾಗಿ ತಿದ್ದಿಕೊಂಡು ಬಂದುದೆಂಬುದನ್ನು ಇಲ್ಲಿ ಗಮನಿಸಬೇಕು.

ಪ್ರವೇಶದ ನಿಯಮಗಳು

ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ, ಕೌಂಟಿಯಿಂದ ಕೌಂಟಿಗೆ ಸ್ವಲ್ಪ ವ್ಯತ್ಯಾಸವಾಗುತ್ತವೆ. ಆದರೂ ಅವುಗಳ ಹಂದರ ಒಂದೇ. ಸಾಮಾನ್ಯವಾಗಿ ಎಂಟು ಒಂಬತ್ತು ವರ್ಷದಿಂದ ಹದಿನೆಂಟು ಹತ್ತೊಂಬತ್ತು ವರ್ಷದ ವರೆಗಿನವರು ಸ್ಪರ್ಧಿಸಬಹುದು. ವಯಸ್ಸನ್ನು ಹಲವು ರಾಜ್ಯಗಳಲ್ಲಿ ಜನವರಿ 1ಕ್ಕೆ ಲೆಕ್ಕ ಹಾಕುತ್ತಾರೆ. ಐದರಿಂದ ಏಳು ವರ್ಷದ ಎಳೆಯರಿಗೆ ಪ್ರತ್ಯೇಕ ತಂಡವುಂಟು; ಅವರನ್ನು ಸ್ಪರ್ಧೆಯ ಗೊಡವೆಗೆ ಹಚ್ಚದಿರುವುದು ರೂಢಿ. ಸೋಲು ಗೆಲುವುಗಳ ಭಾರವನ್ನು ಹೊರುವ ಮೊದಲು ಪ್ರಾಣಿಯ ಮೈಸವರಲು ಕಲಿಯಲಿ ಎಂಬುದು ಇದರ ಆಶಯವಿರಬೇಕು.

ಎರಡನೆಯದು ಒಡೆತನದ ನಿಯಮ. ಪ್ರಾಣಿಯು ಗೊತ್ತುಪಡಿಸಿದ ದಿನಾಂಕಕ್ಕೆ ಮೊದಲೇ ಮಗುವಿನ ಸ್ವಾಧೀನದಲ್ಲಿ ಇರತಕ್ಕದ್ದು. ಬೀಜ ಒಡೆಸಿದ ಹೋರಿಯಾದರೆ ಹಿಂದಿನ ಚಳಿಗಾಲದಿಂದಲೇ ಅದನ್ನು ಸಾಕಿರಬೇಕು. ಹಂದಿ, ಕುರಿ, ಆಡುಗಳಾದರೆ ವಸಂತಕಾಲದ ಕೊನೆಗಾದರೂ ಕೊಂಡಿರಬೇಕು. ಆ ದಿನ ಪ್ರಾಣಿಯನ್ನು ತಂದು ತೂಗಿಸಿ, ಕಿವಿಗೆ ಸಂಖ್ಯೆಯ ಬಿಲ್ಲೆ ಹಾಕಿಸಬೇಕು. ಕೆಲವೆಡೆ ಹೋರಿಯ ಮೂಗಿನ ಅಚ್ಚನ್ನು ತೆಗೆದಿರಿಸುತ್ತಾರೆ. ಮನುಷ್ಯರ ಬೆರಳಚ್ಚಿನಂತೆ ದನದ ಮೂಗಿನ ಗೆರೆಗಳೂ ಒಂದರಂತೆ ಇನ್ನೊಂದಕ್ಕೆ ಇರುವುದಿಲ್ಲ. ಇನ್ನು ಕೆಲವೆಡೆ ಬುಡಸಹಿತ ಕಿತ್ತ ರೋಮಗಳನ್ನು ಲಕೋಟೆಯಲ್ಲಿಟ್ಟು, ಬೇಕಾದಾಗ ವಂಶವಾಹಿಯ ಪರೀಕ್ಷೆ ಮಾಡಿಸುವ ಏರ್ಪಾಡು ಉಂಟು.

ಇಷ್ಟೆಲ್ಲ ಬಂದೋಬಸ್ತು ಏತಕ್ಕೆಂದರೆ, ಜಾತ್ರೆಯ ಹಿಂದಿನ ದಿನ ಸಾವಿರಾರು ಡಾಲರು ಸುರಿದು ಸಿದ್ಧವಾದ ಹೋರಿಯನ್ನು ಕೊಂಡು ತಂದು ಮಗನ ಕೈಗೆ ಹಗ್ಗ ಕೊಡುವ ತಂದೆಯಂದಿರು ಎಲ್ಲ ದೇಶಗಳಲ್ಲಿಯೂ ಉಂಟು. ಬಡ ರೈತನ ಮಗಳು ಆರು ತಿಂಗಳು ಮೇವು ಹಾಕಿ ಬೆಳೆಸಿದ ಕರುವು ಅಂತಹ ಕೊಂಡುತಂದ ಹೋರಿಯ ಮುಂದೆ ಸೋಲಬಾರದೆಂಬುದೇ ಈ ನಿಯಮದ ಹೃದಯ. ಆದರೂ ಹಣದ ಬಲ ಪೂರ್ತಿಯಾಗಿ ಅಡಗುವುದಿಲ್ಲ. ಗಡುವಿನ ಮೊದಲೇ ಉತ್ತಮ ತಳಿಯ ಕರುವನ್ನು ದುಬಾರಿ ಬೆಲೆಗೆ ಕೊಳ್ಳಲು ಯಾವ ಅಡ್ಡಿಯೂ ಇಲ್ಲವಷ್ಟೆ.

ಲೆಕ್ಕದ ಪುಸ್ತಕ

ನಮ್ಮ ಗುಮಾಸ್ತ ಮಿತ್ರರಿಗೆ ವಿಶೇಷವಾಗಿ ಮೆಚ್ಚಿಕೆಯಾಗತಕ್ಕ ನಿಯಮವೊಂದು ಇಲ್ಲಿದೆ. ಫೋರ್-ಎಚ್ ಸದಸ್ಯರಾದ ಮಕ್ಕಳು ತಮ್ಮ ಪ್ರಾಣಿಯ ಬಗ್ಗೆ ದಾಖಲೆಯ ಪುಸ್ತಕವೊಂದನ್ನು ಬರೆದಿಡಬೇಕು. ಕೊಂಡ ಬೆಲೆ, ಹಿಂಡಿ ಮೇವುಗಳ ವೆಚ್ಚ, ವೈದ್ಯನ ಶುಲ್ಕ, ಕೊಟ್ಟ ಔಷಧ, ಆಗಾಗ ತೂಗಿದ ತೂಕ, ಮಾರಿ ಬಂದ ಹಣ, ಎಲ್ಲವೂ ಅದರಲ್ಲಿ ನಮೂದಾಗಬೇಕು. ಪುಸ್ತಕ ಅಪೂರ್ಣವಾಗಿದ್ದರೆ ಅನೇಕ ಕೌಂಟಿಗಳಲ್ಲಿ ಪ್ರದರ್ಶನಕ್ಕೋ ಮಾರಾಟಕ್ಕೋ ಅವಕಾಶ ಸಿಕ್ಕುವುದಿಲ್ಲ.

ಉದಾಹರಣೆಗೆ, ಒಂದು ಹಂದಿ ಮರಿಯ ತೂಕ ಮೊದಲ ದಿನ 60 ಪೌಂಡು ಇದ್ದು, 105 ದಿನಗಳ ಬಳಿಕ 270 ಪೌಂಡು, ಎಂದರೆ ಸುಮಾರು 122 ಕಿಲೋ ಆಯಿತೆಂದು ಭಾವಿಸೋಣ. ಹೆಚ್ಚಿದ ತೂಕ 210 ಪೌಂಡು. ದಿನವೊಂದಕ್ಕೆ 2 ಪೌಂಡು. ಆ ಅವಧಿಯಲ್ಲಿ ತಿಂದ ಮೇವಿನ ಬೆಲೆಯನ್ನು 210ರಿಂದ ಭಾಗಿಸಿದರೆ ಒಂದು ಪೌಂಡು ತೂಕ ಬೆಳೆಸಲು ತಗಲಿದ ವೆಚ್ಚ ಹೊರಬೀಳುತ್ತದೆ. ಹತ್ತು ವರ್ಷದ ಮಗುವಿಗೆ ಭಾಗಾಕಾರವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿರಲಾರದು. ಪ್ರೀತಿಯಿಂದ ಸಾಕಿದ ಪ್ರಾಣಿಯೂ ನಷ್ಟ ತರಬಹುದೆಂಬ ಕಹಿ ಸತ್ಯ ಆ ಪುಟಗಳಲ್ಲಿ ಮಗುವಿನ ಸ್ವಹಸ್ತಾಕ್ಷರದಲ್ಲಿಯೇ ಬರೆದಿರುತ್ತದೆ.

ಕಣದಲ್ಲಿ ನಡೆಯತಕ್ಕ ಬಗೆ

ಕಣದ ಸ್ಪರ್ಧೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಪ್ರಾಣಿಯ ಪರೀಕ್ಷೆ. ಅದರ ಮೈಕಟ್ಟು, ಸ್ನಾಯು, ನಡಿಗೆ, ತಳಿಯ ಲಕ್ಷಣಗಳಿಗೆ ಬೆಲೆ. ಇನ್ನೊಂದರಲ್ಲಿ ಪರೀಕ್ಷೆ ಪ್ರಾಣಿಯದಲ್ಲ, ಹಿಡಿದ ಮಗುವಿನದು. ಸಾಮಾನ್ಯ ಕರುವನ್ನು ತಂದ ಹುಡುಗಿಯೂ ಅದನ್ನು ಚೆನ್ನಾಗಿ ಪಳಗಿಸಿ, ಶುಚಿಯಾಗಿರಿಸಿ, ಸಮಾಧಾನದಿಂದ ನಡೆಸಿದರೆ ಈ ಎರಡನೆಯ ಸ್ಪರ್ಧೆಯಲ್ಲಿ ಗೆಲ್ಲಬಹುದು. ಹಣದಿಂದ ಕೊಳ್ಳಲಾಗದ ಬಹುಮಾನವೊಂದಿದ್ದರೆ ಅದು ಇದೇ.

ಪ್ರಾಣಿಗೊಂದು ಕ್ರಮವುಂಟು. ದನವನ್ನು ಮುಖಕ್ಕೆ ಕಟ್ಟಿದ ಹಗ್ಗದಿಂದ, ಅದರ ಎಡಬದಿಯಲ್ಲಿದ್ದು ನಡೆಸುತ್ತಾರೆ. ಮಾಂಸದ ತಳಿಯಾದರೆ ಉದ್ದನೆಯ ಕೋಲಿನಿಂದ ಕಾಲುಗಳನ್ನು ಮೆಲ್ಲಗೆ ಸರಿಪಡಿಸಿ ನಿಲ್ಲಿಸುತ್ತಾರೆ. ಹಾಲಿನ ಹಸುಗಳ ಕಣದಲ್ಲಿ ಬಿಳಿಯ ಉಡುಪು ಸಂಪ್ರದಾಯ. ಕುರಿಗೆ ಸಾಮಾನ್ಯವಾಗಿ ಹಗ್ಗವಿಲ್ಲ; ಗದ್ದದ ಕೆಳಗೆ ಕೈಯಿಟ್ಟು ಹಿಡಿದು, ಮೊಣಕಾಲನ್ನು ಅದರ ಎದೆಗೆ ಆನಿಸಿ ನಿಲ್ಲಿಸಬೇಕು. ಹಂದಿಗಂತೂ ಹಗ್ಗವೂ ಇಲ್ಲ, ಹಿಡಿತವೂ ಇಲ್ಲ. ಕೈಯಲ್ಲಿ ಒಂದು ಸಣ್ಣ ಕೋಲು ಹಿಡಿದು, ಮೆಲ್ಲಗೆ ತಟ್ಟುತ್ತ, ತೀರ್ಪುಗಾರನ ಕಣ್ಣಿಗೆ ಕಾಣುವಂತೆ ಅದನ್ನು ನಡೆಸಿಕೊಂಡು ಹೋಗಬೇಕು. ತಾನು ತೀರ್ಪುಗಾರನಿಗೂ ಪ್ರಾಣಿಗೂ ನಡುವೆ ನಿಲ್ಲಕೂಡದು. ಸಿಟ್ಟಿನಿಂದ ಹೊಡೆದವನಿಗೆ ಅಂಕ ಹೋಗುತ್ತದೆ. ಮಿತಿಮೀರಿದರೆ ಕಣದಿಂದಲೇ ಹೊರಗೆ.

ತೀರ್ಪುಗಾರನು ನಡುವೆ ಪ್ರಶ್ನೆಗಳನ್ನು ಕೇಳುತ್ತಾನೆ. ಏನು ತಿನ್ನಿಸಿದೆ? ಎಷ್ಟು ತೂಕ? ಇದರಲ್ಲಿ ಕಾಣುವ ಕೊರತೆ ಏನು? ತನ್ನ ಪ್ರಾಣಿಯ ಕೊರತೆಯನ್ನು ಅರಿತು ಹೇಳಬಲ್ಲ ಮಗು ಅದನ್ನು ದಿನವೂ ಕಂಡ ಮಗು. ಕೆಲವೊಮ್ಮೆ ಇಬ್ಬರು ಸ್ಪರ್ಧಿಗಳು ಪ್ರಾಣಿಗಳನ್ನು ಅದಲುಬದಲು ಮಾಡಿಕೊಳ್ಳಬೇಕೆಂದು ಅಪ್ಪಣೆಯಾಗುತ್ತದೆ. ಪರಕೀಯ ಪ್ರಾಣಿಯನ್ನೂ ಸಮಾಧಾನದಿಂದ ನಡೆಸಬಲ್ಲವರು ಯಾರೆಂಬುದು ಆಗ ಬಯಲಾಗುತ್ತದೆ. ರೋಮ ಕತ್ತರಿಸುವುದು, ಮೈ ತೊಳೆದು ಬಾಚುವುದು ಮೊದಲಾದ ಸಿಂಗಾರವನ್ನು ಬಾಡಿಗೆಯ ನಿಪುಣರಿಂದ ಮಾಡಿಸಕೂಡದೆಂದು ಹಲವು ಕೌಂಟಿಗಳು ವಿಧಿಸಿವೆ.

ಬಹುಮಾನ ಹಂಚುವುದರಲ್ಲಿಯೂ ಒಂದು ಸೊಗಸುಂಟು. ಡ್ಯಾನಿಷ್ ಪದ್ಧತಿಯೆಂದು ಕರೆಯುವ ಕ್ರಮದಲ್ಲಿ, ಗೊತ್ತಾದ ಮಟ್ಟವನ್ನು ಮುಟ್ಟಿದವರಿಗೆಲ್ಲ ನೀಲಿ ಪಟ್ಟಿ, ಅದಕ್ಕಿಂತ ಕೆಳಗಿನವರಿಗೆ ಕೆಂಪು, ಮತ್ತೂ ಸುಧಾರಿಸಬೇಕಾದವರಿಗೆ ಬಿಳಿ. ಒಬ್ಬನ ಗೆಲುವು ಉಳಿದವರೆಲ್ಲರ ಸೋಲಾಗಬೇಕಿಲ್ಲ. ಕೊಟ್ಟಿಗೆಯನ್ನು ಜಾತ್ರೆಯುದ್ದಕ್ಕೂ ಚೊಕ್ಕಟವಾಗಿ ಇಟ್ಟುಕೊಂಡವರಿಗೂ ಅನೇಕ ಕಡೆಗಳಲ್ಲಿ ಪ್ರತ್ಯೇಕ ಬಹುಮಾನವುಂಟು. ಬೆಳಿಗ್ಗೆ ಎದ್ದು ಸೆಗಣಿ ಬಾಚಿದವನಿಗೆ ವೇದಿಕೆಯ ಮೇಲೆ ಮನ್ನಣೆ ಸಿಕ್ಕುವ ಸ್ಪರ್ಧೆಗಳು ಲೋಕದಲ್ಲಿ ವಿರಳ.

ಔಷಧ ಮತ್ತು ರೋಗ

ಈ ಪ್ರಾಣಿಗಳಲ್ಲಿ ಬಹಳಷ್ಟು ಜಾತ್ರೆಯ ಬಳಿಕ ಆಹಾರವಾಗುತ್ತವೆ. ಆದುದರಿಂದ ಔಷಧದ ನಿಯಮಗಳು ಕಟ್ಟುನಿಟ್ಟಾಗಿವೆ. ಯಾವುದೇ ಔಷಧ ಕೊಟ್ಟರೆ ಅದರ ಅಂಶ ದೇಹದಿಂದ ಹೊರಬೀಳಲು ಇಷ್ಟು ದಿನವೆಂದು ಗೊತ್ತುಪಡಿಸಲಾಗಿದೆ. ಆ ಅವಧಿ ಕಳೆಯುವ ಮೊದಲು ಪ್ರಾಣಿಯನ್ನು ವಧೆಗೆ ಕಳುಹಿಸಕೂಡದು. ಒಹಾಯೋ ರಾಜ್ಯದಲ್ಲಿ ಈ ಬಗ್ಗೆ ಲಿಖಿತ ಹೇಳಿಕೆಯನ್ನೇ ಸಲ್ಲಿಸಬೇಕು. ಪ್ರಾಣಿಪಾಲನೆ, ಆಹಾರ ಸುರಕ್ಷತೆ, ಸದಾಚಾರ ಇವುಗಳ ಬಗ್ಗೆ ಶಿಕ್ಷಣ ಪಡೆದ ಪ್ರಮಾಣಪತ್ರವಿಲ್ಲದೆ ಪ್ರವೇಶವಿಲ್ಲವೆಂದು ಅನೇಕ ಕೌಂಟಿಗಳು ನಿಯಮಿಸಿವೆ.

ರೋಗದ ಭಯವೂ ಕಾಲಕಾಲಕ್ಕೆ ಹೊಸ ಕಟ್ಟಳೆಗಳನ್ನು ಹುಟ್ಟಿಸಿದೆ. 2012ರಲ್ಲಿ ಹಂದಿಗಳಿಂದ ಹರಡಿದ ಒಂದು ಬಗೆಯ ಫ್ಲೂ ಜ್ವರ ಅಮೇರಿಕದಲ್ಲಿ 309 ಮಂದಿಗೆ ತಗಲಿತು. ಅವರಲ್ಲಿ ಹೆಚ್ಚಿನವರು ಜಾತ್ರೆಗಳಲ್ಲಿ ಹಂದಿಗಳ ಸಮೀಪ ಇದ್ದ ಮಕ್ಕಳು. ಆ ಬಳಿಕ ಹಂದಿಗಳನ್ನು 72 ಗಂಟೆಗಳಿಗಿಂತ ಹೆಚ್ಚು ಕಾಲ ಜಾತ್ರೆಯಲ್ಲಿ ಇರಿಸಬಾರದು, ದೊಡ್ಡಿಯೊಳಗೆ ತಿಂಡಿ ಪಾನೀಯ ಕೂಡದು ಎಂಬ ಸಲಹೆಗಳು ಬಂದುವು. 2015ರಲ್ಲಿ ಕೋಳಿಗಳಿಗೆ ಹಕ್ಕಿಜ್ವರ ಬಂದಾಗ ಹಲವು ರಾಜ್ಯಗಳು ಜೀವಂತ ಹಕ್ಕಿಗಳ ಪ್ರದರ್ಶನವನ್ನೇ ನಿಲ್ಲಿಸಿದುವು. ಮಕ್ಕಳು ತಮ್ಮ ಕೋಳಿಗಳನ್ನು ಮನೆಯಲ್ಲಿ ಬಿಟ್ಟು, ಚಿತ್ರಪಟಗಳನ್ನು ತಂದು ತಾವು ಕಲಿತುದನ್ನು ವಿವರಿಸಿದರು. 2024ರಲ್ಲಿ ಅದೇ ಬಗೆಯ ರೋಗ ಹಾಲು ಕರೆಯುವ ಹಸುಗಳಿಗೂ ತಗಲಿದಾಗ, ಪರೀಕ್ಷೆಯಲ್ಲಿ ರೋಗವಿಲ್ಲವೆಂದು ತೋರದ ಹೊರತು ಅವುಗಳನ್ನು ತರಕೂಡದೆಂದು ಹಲವು ರಾಜ್ಯಗಳು ಅಪ್ಪಣೆ ಮಾಡಿದುವು.

ಹಿರಿಯರ ಮೋಸ

ಕಟ್ಟಳೆಗಳಿರುವಲ್ಲಿ ಅವುಗಳನ್ನು ಮೀರುವ ಜಾಣರೂ ಇರುತ್ತಾರೆ. 1972ರಲ್ಲಿ ಡೆನ್ವರ್ ನಗರದ ದೊಡ್ಡ ಪ್ರದರ್ಶನದಲ್ಲಿ 'ಬಿಗ್ ಮ್ಯಾಕ್' ಎಂಬ ಹೋರಿ ಸರ್ವೋತ್ತಮ ಪದವಿಯನ್ನು ಪಡೆಯಿತು. ಅದು ಬೇರೆ ಹೆಸರಿನಿಂದ ಬೇರೆ ಕಡೆ ತೋರಿಸಲ್ಪಟ್ಟ ಬಿಳಿ ಛಾಯೆಯ ಹೋರಿಯೆಂದೂ, ಕರಿಯ ಬಣ್ಣ ಬಳಿದು ಆಂಗಸ್ ತಳಿಯದೆಂದು ನಂಬಿಸಲಾಗಿತ್ತೆಂದೂ ಆಮೇಲೆ ಬಯಲಾಯಿತು. 1994ರಲ್ಲಿ ಒಹಾಯೋ ರಾಜ್ಯದ ಪ್ರದರ್ಶನದಲ್ಲಿ ನಡೆದುದು ಇನ್ನೂ ಹೇಯವಾದುದು. ಮೈ ತುಂಬಿಕೊಂಡಂತೆ ಕಾಣಲೆಂದು ಪ್ರಾಣಿಗಳ ಚರ್ಮದಡಿಗೆ ಅಡಿಗೆಯ ಎಣ್ಣೆಯನ್ನು ಚುಚ್ಚಲಾಗಿತ್ತು. ಸ್ನಾಯು ಉಬ್ಬಿಸುವ ಕ್ಲೆನ್‌ಬ್ಯುಟೆರಾಲ್ ಎಂಬ ನಿಷಿದ್ಧ ಔಷಧವನ್ನೂ ಕೊಡಲಾಗಿತ್ತು. ಬಹುಮಾನ ಪಡೆದ ಹಲವು ಪ್ರಾಣಿಗಳು ಅನರ್ಹಗೊಂಡುವು. ಆ ಬಳಿಕ ರಾಜ್ಯವು ಇಂತಹ ವಂಚನೆಯನ್ನು ಶಿಕ್ಷಾರ್ಹಗೊಳಿಸುವ ಕಟ್ಟಳೆಗಳನ್ನು ರಚಿಸಿತು.

ಇಂತಹ ಕೃತ್ಯಗಳನ್ನು ಹತ್ತು ಹನ್ನೆರಡು ವರ್ಷದ ಮಗು ತಾನಾಗಿ ಯೋಚಿಸಿ ಮಾಡಿತೆಂದು ಯಾರೂ ನಂಬಲಾರರು. ಆದುದರಿಂದಲೇ 1990ರ ದಶಕದಲ್ಲಿ ಜಾತ್ರೆಗಳ ಅಂತರರಾಷ್ಟ್ರೀಯ ಸಂಘವು ರೂಪಿಸಿದ ನೀತಿಸಂಹಿತೆಯಲ್ಲಿ 'ಸಂಪೂರ್ಣ ಹೊಣೆಗಾರಿಕೆ'ಯ ತತ್ತ್ವವನ್ನು ಸೇರಿಸಲಾಯಿತು. ಪ್ರಾಣಿಗೆ ಯಾರು ಏನು ಮಾಡಿದರೂ ಒಡೆಯ, ಪ್ರದರ್ಶಕ, ತರಬೇತುದಾರ ಇವರೆಲ್ಲ ಉತ್ತರ ಹೇಳಬೇಕು. ತೂಕ ಹೆಚ್ಚಿಸಲು ಬಲವಂತದಿಂದ ನೀರು ಕುಡಿಸಕೂಡದು. ಪ್ರವೇಶ ಪಡೆದವರು ರಕ್ತ ಮೂತ್ರಗಳ ಪರೀಕ್ಷೆಗೆ ಒಪ್ಪಿದಂತೆಯೇ. 'ನನಗೆ ಗೊತ್ತಿರಲಿಲ್ಲ' ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ಕಟುವಾದ ನಿಯಮವೇ ಹೌದು. ತಂದೆಯ ತಪ್ಪಿಗೆ ಮಗಳ ನೀಲಿ ಪಟ್ಟಿ ಹೋಗುತ್ತದೆ. ಆದರೆ ಇಷ್ಟು ಕಟುವಾಗಿರದಿದ್ದರೆ ಮಗುವಿನ ಹೆಸರನ್ನು ಗುರಾಣಿ ಮಾಡಿಕೊಳ್ಳುವ ಹಿರಿಯರನ್ನು ತಡೆಯಲು ಬೇರೆ ಹಾದಿಯಿಲ್ಲ.

ಸೀಡರ್ ಎಂಬ ಆಡು

ಜಾತ್ರೆಯ ಕೊನೆಯ ದಿನ ಲಿಲಾವು. ಊರಿನ ವ್ಯಾಪಾರಿಗಳು, ಬ್ಯಾಂಕಿನವರು, ಗಣ್ಯರು ಮಕ್ಕಳನ್ನು ಪ್ರೋತ್ಸಾಹಿಸಲೆಂದು ಪೇಟೆಯ ಧಾರಣೆಗಿಂತ ಹೆಚ್ಚು ಬೆಲೆ ಕೂಗುತ್ತಾರೆ. ಆ ಹಣ ಅನೇಕರಿಗೆ ಕಾಲೇಜಿನ ಶುಲ್ಕವಾಗುತ್ತದೆ. ಕೊಂಡವರಿಗೆ ಮಗು ಕೃತಜ್ಞತೆಯ ಪತ್ರ ಬರೆಯುವ ವರೆಗೆ ಚೆಕ್ಕನ್ನು ಕೊಡದಿರುವ ಪದ್ಧತಿಯೂ ಕೆಲವೆಡೆ ಉಂಟು. ಆದರೆ ಅನೇಕ ಕೌಂಟಿಗಳಲ್ಲಿ ಇದರೊಂದಿಗೆ ಇನ್ನೊಂದು ಕಠಿಣ ನಿಯಮವಿದೆ. ಲಿಲಾವಿಗೆ ಬಂದ ಮಾಂಸದ ಪ್ರಾಣಿ ಮನೆಗೆ ಮರಳುವಂತಿಲ್ಲ. ಅದು ನೇರವಾಗಿ ಕಸಾಯಿಖಾನೆಗೆ ಹೋಗತಕ್ಕದ್ದು. ಆಹಾರ ಎಲ್ಲಿಂದ ಬರುತ್ತದೆಂಬುದನ್ನು ರೈತನ ಮಕ್ಕಳು ಕಣ್ತೆರೆದು ಅರಿಯಬೇಕೆಂಬುದು ಇದರ ಸಮರ್ಥನೆ. ಕಣ್ಣೀರಿಡುತ್ತ ಹಗ್ಗವನ್ನು ಒಪ್ಪಿಸುವ ಮಕ್ಕಳು ಪ್ರತಿ ಜಾತ್ರೆಯಲ್ಲಿಯೂ ಇರುತ್ತಾರೆ. ನಮ್ಮಲ್ಲಿ ಬಹುಮಂದಿಯ ಮನಸ್ಸು ಇದನ್ನು ಒಪ್ಪಲಾರದು. ಆದರೂ ಅವರ ದೇಶದ ಆಹಾರ ಕ್ರಮ, ಜೀವನ ಕ್ರಮ ಬೇರೆಯೆಂಬುದನ್ನು ನೆನಪಿನಲ್ಲಿಟ್ಟುಕೊಂಡೇ ನಾವು ಮಾತಾಡಬೇಕು.

2022ರಲ್ಲಿ ಈ ನಿಯಮ ಒಂದು ಎಳೆಯ ಮನಸ್ಸಿನೊಡನೆ ಮುಖಾಮುಖಿಯಾಯಿತು. ಕ್ಯಾಲಿಫೋರ್ನಿಯಾದ ಶಾಸ್ತಾ ಪ್ರದೇಶದ ಜಾತ್ರೆಗೆ ಒಂಬತ್ತು ವರ್ಷದ ಬಾಲಕಿಯೊಬ್ಬಳು ಸೀಡರ್ ಎಂಬ ಆಡನ್ನು ತಂದಿದ್ದಳು. ಏಪ್ರಿಲಿನಲ್ಲಿ ಕೊಂಡು ತಾನೇ ಸಾಕಿದ ಆಡು ಅದು. ಲಿಲಾವಿನ ಹೊತ್ತಿಗೆ ಅದನ್ನು ಕೊಲ್ಲಲು ಕೊಡಲಾರೆನೆಂದು ಆಕೆ ಅತ್ತಳು. ಜಾತ್ರೆಯವರು ನಿಯಮದಲ್ಲಿ ವಿನಾಯಿತಿಯಿಲ್ಲವೆಂದರು. ಆಡು 902 ಡಾಲರಿಗೆ ಮಾರಾಟವಾಯಿತು. ಅದರಲ್ಲಿ ಜಾತ್ರೆಗೆ ಸಲ್ಲತಕ್ಕ ಪಾಲು 63 ಡಾಲರು 14 ಸೆಂಟು. ತಾಯಿಯು ಆಡನ್ನು ಅಲ್ಲಿಂದ ಕೊಂಡೊಯ್ದು ದೂರದ ಸೋನೋಮಾ ಕೌಂಟಿಯಲ್ಲಿ ಇರಿಸಿ, ಆಗುವ ನಷ್ಟವನ್ನು ತುಂಬಿಕೊಡುವುದಾಗಿ ಬರೆದಳು. ಕೊಂಡವರೂ ಆಕ್ಷೇಪವೆತ್ತಲಿಲ್ಲ. ಆದರೂ ವಿನಾಯಿತಿ ಕೊಟ್ಟರೆ ನಿಯಮ ಪಾಲಿಸಬೇಕಾಗಿಲ್ಲವೆಂಬ ಪಾಠವನ್ನು ಮಕ್ಕಳಿಗೆ ಕಲಿಸಿದಂತಾಗುತ್ತದೆಂದು ಜಾತ್ರೆಯ ಆಡಳಿತ ವಾದಿಸಿತು. ಶೆರಿಫನ ಅಧಿಕಾರಿಗಳು ನೂರಾರು ಮೈಲಿ ಮೋಟಾರಿನಲ್ಲಿ ಹೋಗಿ ಆಡನ್ನು ಹಿಡಿದು ತಂದರು, ಅದು ವಧೆಯಾಯಿತು.

ಕುಟುಂಬ ನ್ಯಾಯಾಲಯಕ್ಕೆ ಹೋಯಿತು. ಅಪ್ರಾಪ್ತವಯಸ್ಕರು ಮಾಡಿದ ಕರಾರನ್ನು ಅವರು ರದ್ದುಪಡಿಸಿಕೊಳ್ಳಬಹುದೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿದೆ. ಅಂತಿರುವಾಗ ಒಂಬತ್ತು ವರ್ಷದ ಹುಡುಗಿಯನ್ನು ಜಾತ್ರೆಯ ಕಾಗದವೊಂದು ಕಟ್ಟಿಹಾಕಬಲ್ಲುದೇ ಎಂಬುದು ಆಕೆಯ ವಕೀಲರ ಪ್ರಶ್ನೆಯಾಗಿತ್ತು. 2024ರ ನವೆಂಬರಿನಲ್ಲಿ ಕೌಂಟಿಯ ಕಡೆಯಿಂದ 3 ಲಕ್ಷ ಡಾಲರು ಪರಿಹಾರ ಕೊಡುವ ರಾಜಿಯಾಯಿತು. ಅರವತ್ತಮೂರು ಡಾಲರಿನ ವಿಷಯ ಮೂರು ಲಕ್ಷದ ರಾಜಿಯ ವರೆಗೆ ಬೆಳೆಯಿತು. ಆಡು ಮಾತ್ರ ಮರಳಿ ಬರಲಿಲ್ಲ.

ನಿಯಮಗಳನ್ನು ಪಾಲಿಸಬೇಕೆಂಬುದನ್ನು ಮಕ್ಕಳಿಗೆ ಕಲಿಸಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಹಿರಿಯರ ಮೋಸದಿಂದ ಮಗುವಿನ ದುಡಿಮೆಯನ್ನು ಕಾಪಾಡುವ ನಿಯಮವೇ ಬೇರೆ, ಮಗುವಿನ ಮನಸ್ಸಿನ ಮೇಲೆ ಹಿರಿಯರ ಹಟವನ್ನು ಸಾಧಿಸುವ ನಿಯಮವೇ ಬೇರೆ. ಒಡೆತನದ ದಿನಾಂಕ, ಕಿವಿಯ ಬಿಲ್ಲೆ, ಲೆಕ್ಕದ ಪುಸ್ತಕ, ಔಷಧದ ಹೇಳಿಕೆ, ಇವೆಲ್ಲ ಮೊದಲನೆಯ ಜಾತಿಯವು. ಆರು ತಿಂಗಳು 'ಇದು ನಿನ್ನದು, ನೀನೇ ಹೊಣೆ' ಎಂದು ಮಗುವಿಗೆ ಹೇಳಿ, ಏಳನೆಯ ತಿಂಗಳಲ್ಲಿ 'ಇದರ ವಿಷಯದಲ್ಲಿ ನಿನಗೆ ಮಾತಿಲ್ಲ' ಎಂದರೆ ಕಲಿಸಿದ ಪಾಠವನ್ನೆಲ್ಲ ಒಂದೇ ಗಳಿಗೆಯಲ್ಲಿ ಅಳಿಸಿದಂತಾಯಿತು. ಪ್ರವೇಶದ ಹೊತ್ತಿಗೇ ಮಗುವಿಗೂ ಮನೆಯವರಿಗೂ ಕೊನೆಯ ದಿನದ ಸಂಗತಿಯನ್ನು ಬಿಡಿಸಿ ಹೇಳಿ, ಲಿಲಾವಿನ ಗಳಿಗೆಯ ವರೆಗೂ ಹಿಂದೆಗೆಯಲು ಅವಕಾಶವಿಟ್ಟರೆ ಯಾವ ಜಾತ್ರೆಯೂ ಮುಳುಗಿಹೋಗದು.

ನಮಗೆ ಸಂಬಂಧಿಸಿದ ಮಾತು

ಪ್ರಾಣಿಗಳನ್ನು ಕಣಕ್ಕಿಳಿಸುವ ಸಂಪ್ರದಾಯ ನಮ್ಮಲ್ಲಿಯೂ ಉಂಟು. ಅದಕ್ಕೆ ನಿಯಮಗಳು ಬೇಕೆಂಬ ವಾದವನ್ನೂ ನಾವು ಕೇಳಿದ್ದೇವೆ. ಕರಾವಳಿಯ ಕಂಬಳದ ಬಗ್ಗೆ ತಕರಾರು ಎದ್ದಾಗ 2017ರಲ್ಲಿ ಕರ್ನಾಟಕವು ಪ್ರಾಣಿಹಿಂಸೆ ತಡೆಯುವ ಕಾಯಿದೆಗೆ ತಿದ್ದುಪಡಿ ಮಾಡಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಕೋಣದ ನೋವಿಗೆ ಬೆಲೆಯುಂಟು, ಊರಿನ ಸಂಪ್ರದಾಯಕ್ಕೂ ಬೆಲೆಯುಂಟು, ಎರಡನ್ನೂ ನಿಯಮದಿಂದ ಹೊಂದಿಸಬಹುದೆಂಬುದು ಅದರ ತಾತ್ಪರ್ಯ.

ಮಕ್ಕಳ ವಿಷಯಕ್ಕೆ ಬಂದರೆ ನಮ್ಮ ವಾಚಕರಿಗೆ ಯಾರೂ ಉಪದೇಶ ಮಾಡಬೇಕಾಗಿಲ್ಲ. ಊರಿನ ಕೊಟ್ಟಿಗೆಯಿಂದ ನೇರವಾಗಿ ಮುಂಬಯಿಯ ಹೋಟೆಲಿನ ಅಡಿಗೆಮನೆಗೆ ಬಂದು, ಮೇಜು ಒರೆಸಿ, ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರು ನಮ್ಮ ಸಮಾಜದಲ್ಲಿ ಎಷ್ಟೋ ಮಂದಿ. ಆ ಬಾಲಕರೂ ಬೆಳಗಿನ ಜಾವಕ್ಕೆ ಎದ್ದರು, ಹೊಣೆ ಹೊತ್ತರು, ಶಿಸ್ತು ಕಲಿತರು. ಆದರೆ ಅವರ ಕೈಯಲ್ಲಿ ಲೆಕ್ಕದ ಪುಸ್ತಕವಿರಲಿಲ್ಲ. ಲೆಕ್ಕ ಗಲ್ಲೆಯ ಮೇಲೆ ಕುಳಿತವರದು. 14 ವರ್ಷದ ಕೆಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸಕೂಡದೆಂಬ ಕಟ್ಟಳೆ 2006ರ ಅಕ್ಟೋಬರ್ 10ರಿಂದ ಜಾರಿಗೆ ಬಂದಿತು. ಕೆಲಸವು ಮಕ್ಕಳನ್ನು ಕೆಡಿಸುವುದಿಲ್ಲ, ಬೆಳೆಸುತ್ತದೆ ಎಂದು ಆಗ ಕೆಲವರು ಆಡಿಕೊಂಡದ್ದುಂಟು. ಯಾವ ಕೆಲಸ, ಯಾರ ಲಾಭಕ್ಕಾಗಿ, ಯಾರ ಲೆಕ್ಕದಲ್ಲಿ ಎಂಬ ಮೂರು ಪ್ರಶ್ನೆಗಳನ್ನು ಅವರು ಕೇಳಿಕೊಂಡಿರಲಿಲ್ಲ.

ಶಾಲೆಯನ್ನು ಬಿಡಿಸದೆ, ಮಗುವಿನ ಕೈಗೊಂದು ಜೀವವನ್ನು ಒಪ್ಪಿಸಿ, ಅದರ ಖರ್ಚು ಆದಾಯಗಳನ್ನು ಮಗುವಿನಿಂದಲೇ ಬರೆಯಿಸಿ, ಗೆದ್ದ ಹಣವನ್ನು ಮಗುವಿನ ಹೆಸರಿಗೇ ಕೊಡುವ ಪದ್ಧತಿಯಲ್ಲಿ ದುಡಿಮೆ ವಿದ್ಯೆಯಾಗುತ್ತದೆ. ನಮ್ಮೂರಿನ ದನಗಳ ಜಾತ್ರೆಗಳಲ್ಲಿಯೂ ಮಕ್ಕಳಿಗಾಗಿ ಒಂದು ಕಣ ಏರ್ಪಟ್ಟು, ಹಳ್ಳಿಕಾರ್ ಕರುವೊಂದನ್ನೋ ಮಲೆನಾಡು ಗಿಡ್ಡ ಹಸುವೊಂದನ್ನೋ ತಾನೇ ಸಾಕಿ ತಂದ ಬಾಲಕಿಗೆ ಹಿರಿಯರ ಎದುರು ಮಾತಾಡುವ ಅವಕಾಶ ದೊರೆತರೆ ಎಷ್ಟು ಚೆನ್ನ! ರಜೆಯಲ್ಲಿ ಊರಿಗೆ ಹೋಗುವ ನಮ್ಮ ಬಾಂಧವರು ಜಾತ್ರೆಯ ಸಮಿತಿಯವರೊಡನೆ ಈ ಮಾತನ್ನು ಪ್ರಸ್ತಾಪಿಸಬಹುದು. ಮೊದಲ ವರ್ಷ ನಾಲ್ಕೇ ಮಕ್ಕಳು ಬಂದರೂ ಚಿಂತೆಯಿಲ್ಲ. ಪಿಟ್ಸ್‌ಫೀಲ್ಡಿನ ಮರದಡಿಯಲ್ಲಿ ಇದ್ದುವು ಎರಡೇ ಕುರಿಗಳು.